ಸೇನೆಗೆ ಸಾಮಾನು ಬೇಗ ತಲುಪಬೇಕಾ? ಮೊದಲು ಫೈಲ್ ಎಲ್ಲಿ ಕೂತಿದೆ ನೋಡಿ

ಸೇನೆಯ ಖರೀದಿ ತಡವಾಯ್ತು ಅಂದ ಕೂಡಲೇ ಎಲ್ಲರೂ ಕಾರ್ಖಾನೆ ಕಡೆ ಬೆರಳು ತೋರಿಸುತ್ತಾರೆ. ಸುಧಾರಣೆ ಮಾಡಲು ಕೂತವರು ಅಲ್ಲಿಂದ ಶುರು ಮಾಡಬೇಡಿ. ಮುಗಿದುಹೋದ ಒಂದು ಖರೀದಿ ತಗೊಳ್ಳಿ, ಅದರ ತಾರೀಖುಗಳನ್ನು ಒಂದು ಹಾಳೆ ಮೇಲೆ ಸಾಲಾಗಿ ಬರೆಯಿರಿ. ಟೆಂಡರ್ ಹೊರಟಿದ್ದು ಯಾವಾಗ, ಟ್ರಯಲ್ ಮುಗಿದಿದ್ದು ಯಾವಾಗ, ಸಹಿ ಬಿದ್ದಿದ್ದು ಯಾವಾಗ, ಮೊದಲ ಸಾಮಾನು ಕೈಗೆ ಸಿಕ್ಕಿದ್ದು ಯಾವಾಗ.

ಭಾರತದ ರಫೇಲ್ ಖರೀದಿಯನ್ನೇ ಹಾಗೆ ಬರೆದು ನೋಡಿ. 126 ಯುದ್ಧವಿಮಾನ ಬೇಕು ಅಂತ ಟೆಂಡರ್ ಹೊರಟಿದ್ದು 2007ರ ಆಗಸ್ಟ್‌ನಲ್ಲಿ. ಆರು ವಿಮಾನಗಳ ಪರೀಕ್ಷೆ ನಡೆದು ರಫೇಲ್ ಗೆದ್ದಿದ್ದು 2012ರ ಜನವರಿಯಲ್ಲಿ. ಆಮೇಲೆ ಬೆಲೆ ಎಷ್ಟು, ಭಾರತದಲ್ಲಿ ತಯಾರಾಗುವ ವಿಮಾನಗಳಿಗೆ ಗ್ಯಾರಂಟಿ ಯಾರು ಕೊಡಬೇಕು ಅಂತ ಎಳೆದಾಟ ನಡೆದು, 2015ರಲ್ಲಿ ಆ ಟೆಂಡರೇ ಬಿದ್ದುಹೋಯಿತು. 36 ವಿಮಾನಗಳ ಬೇರೆ ಒಪ್ಪಂದಕ್ಕೆ 2016ರ ಸೆಪ್ಟೆಂಬರ್‌ನಲ್ಲಿ ಸಹಿ ಬಿತ್ತು. ಮೊದಲ ಐದು ಅಂಬಾಲಾದಲ್ಲಿ ಇಳಿದಿದ್ದು 2020ರ ಜುಲೈನಲ್ಲಿ. ಈಗ ಲೆಕ್ಕ ಹಾಕಿ. ಟೆಂಡರಿನಿಂದ ಸಹಿವರೆಗೆ 9 ವರ್ಷ. ಸಹಿಯಿಂದ ವಿಮಾನ ಬರುವವರೆಗೆ 4 ವರ್ಷಕ್ಕೂ ಕಮ್ಮಿ. ಕಾರ್ಖಾನೆಯವರು ಹಗಲು ರಾತ್ರಿ ದುಡಿದಿದ್ದರೂ ಆ 9 ವರ್ಷದಲ್ಲಿ ಒಂದು ದಿನವೂ ಉಳಿಯುತ್ತಿರಲಿಲ್ಲ.

ಹಾಳೆ ತಯಾರಾದ ಮೇಲೆ, ಸಾಮಾನು ಹೇಗಿರಬೇಕು, ಏನೇನು ಮಾಡಬೇಕು ಅಂತ ಸೇನೆ ಬರೆಯುವ ಬೇಡಿಕೆಯ ಪಟ್ಟಿಗೆ ಕೈ ಹಾಕಿ. ಕಾಲ ಜಾಸ್ತಿ ಹಾಳಾಗೋದು ಇಲ್ಲೇ. 2016ರಲ್ಲಿ ಅಮೆರಿಕದ ಭೂಸೇನೆಯ ಮುಖ್ಯಸ್ಥರಾಗಿದ್ದ ಮಾರ್ಕ್ ಮಿಲ್ಲಿ ಬಹಿರಂಗವಾಗಿಯೇ ಗೊಣಗಿದ್ದರು: ಹೊಸ ಪಿಸ್ತೂಲಿನ ಬೇಡಿಕೆ ಪತ್ರ 350ಕ್ಕೂ ಜಾಸ್ತಿ ಪುಟ, ಪರೀಕ್ಷೆಗೆ ಎರಡು ವರ್ಷ. ಪಿಸ್ತೂಲಿಗೆ! ಅದೇ ದೇಶ 1972ರಲ್ಲಿ ಹಗುರ ಯುದ್ಧವಿಮಾನ ಕೇಳಿದಾಗ, ಕಂಪನಿಗಳ ಉತ್ತರ 50 ಪುಟ ದಾಟಬಾರದು ಅಂತ ಷರತ್ತು ಹಾಕಿತ್ತು. ಎರಡು ಕಂಪನಿಗಳಿಗೆ ಮಾದರಿ ಮಾಡಲು ದುಡ್ಡು ಕೊಟ್ಟು, ಹಾರಿಸಿ ತೋರಿಸಿ ಅಂದಿತು. 1974ರಲ್ಲಿ ಎರಡೂ ಹಾರಿದವು. ಗೆದ್ದಿದ್ದು ಎಫ್-16 ಆಯಿತು. ಸೋತಿದ್ದೂ ವೇಸ್ಟ್ ಆಗಲಿಲ್ಲ, ನೌಕಾಪಡೆಯ ಎಫ್/ಎ-18 ಆಗಿ ಬೆಳೆಯಿತು.

ಹಾಗಾಗಿ ಪುಟಗಳಿಗೆ ಮಿತಿ ಹಾಕಿ. ಪಟ್ಟಿಯ ಪ್ರತಿ ಸಾಲಿನ ಪಕ್ಕದಲ್ಲಿ ಅದನ್ನು ಕೇಳಿದವರ ಹೆಸರು ಇರಲಿ, ಅದು ಇಲ್ಲದಿದ್ದರೆ ಯಾವ ಕೆಲಸ ನಿಲ್ಲುತ್ತದೆ ಅಂತ ಒಂದು ವಾಕ್ಯ ಇರಲಿ. ಹೆಸರು ಹಾಕಿ ಅಂದರೆ ಸಾಕು, ಅರ್ಧ ಸಾಲುಗಳಿಗೆ ವಾರಸುದಾರರೇ ಸಿಗೋದಿಲ್ಲ. ಉಳಿದಿದ್ದರಲ್ಲಿ ಬೇಕೇಬೇಕು ಅನ್ನುವುದನ್ನು ಬೇರೆ ಮಾಡಿ. ಮಿಕ್ಕಿದ್ದು ಮುಂದಿನ ಆವೃತ್ತಿಗೆ.

ಈಗಾಗಲೇ ತಯಾರಿರುವುದನ್ನು ಕೊಂಡರೆ ಬೇಗ ಆಗುತ್ತೆ ಅಲ್ವಾ ಅಂತ ನೀವು ಕೇಳಬಹುದು. ಆಗುತ್ತೆ, ಕೈ ಹಾಕದೆ ಸುಮ್ನಿದ್ದರೆ. ಅಮೆರಿಕದ ನೌಕಾಪಡೆ 2020ರಲ್ಲಿ ಕಾನ್‌ಸ್ಟೆಲೇಷನ್ ಯುದ್ಧನೌಕೆಗೆ ಯುರೋಪಿನಲ್ಲಿ ಆಗಲೇ ಓಡಾಡುತ್ತಿದ್ದ ಫ್ರೆಮ್ ಅನ್ನುವ ಯುದ್ಧನೌಕೆಯ ವಿನ್ಯಾಸವನ್ನೇ ಆರಿಸಿತು. ಸುಮಾರು 85% ಮೂಲ ವಿನ್ಯಾಸವೇ ಉಳಿಯುತ್ತೆ ಅನ್ನುವ ಲೆಕ್ಕವಿತ್ತು. ಅದು ಬದಲಾಗಲಿ, ಇದು ಉದ್ದವಾಗಲಿ ಅಂತ ಒಂದೊಂದೇ ಸೇರಿಸಿ, ಕೊನೆಗೆ ಹೋಲಿಕೆ 15%ಕ್ಕಿಂತ ಕೆಳಗಿಳಿಯಿತು. ವಿನ್ಯಾಸ ಪೂರ್ತಿ ಮುಗಿಯುವ ಮೊದಲೇ ಕಟ್ಟಲೂ ಶುರು ಮಾಡಿದ್ದರು. ಮೊದಲ ಹಡಗು ಮೂರು ವರ್ಷ ತಡವಾಯ್ತು, 2025ರ ಕೊನೆಯಲ್ಲಿ ಮೊದಲ ಎರಡನ್ನು ಬಿಟ್ಟು ಮಿಕ್ಕಿದ್ದಕ್ಕೆ ಕತ್ತರಿ ಬಿತ್ತು. ಇದಕ್ಕೆ ಮದ್ದು ಸರಳ. ಬದಲಾವಣೆ ಕೇಳುವವರು ಇದರಿಂದ ಎಷ್ಟು ತಿಂಗಳು ತಡವಾಗುತ್ತೆ ಅಂತ ತಾವೇ ಬರೆದು, ಕೆಳಗೆ ಸಹಿ ಹಾಕಬೇಕು.

ನಿಜವಾಗಿ ಬೇಗ ಆದ ಉದಾಹರಣೆ ಬೇಕಂದ್ರೆ ಎಂಆರ್‌ಎಪಿ ವಾಹನಗಳನ್ನು ನೋಡಿ, ಅಂದರೆ ನೆಲಬಾಂಬಿನಿಂದ ಒಳಗಿನವರನ್ನು ಕಾಪಾಡುವ ಕವಚ ವಾಹನಗಳು. ಇರಾಕ್‌ನಲ್ಲಿ ರಸ್ತೆಬದಿಯ ಬಾಂಬುಗಳಿಗೆ ಸೈನಿಕರು ಸಾಯುತ್ತಿದ್ದಾಗ, ಅಮೆರಿಕದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ 2007ರ ಮೇನಲ್ಲಿ ಇದೇ ಮೊದಲ ಆದ್ಯತೆ ಅಂದರು. ಸ್ಫೋಟದ ಹೊಡೆತವನ್ನು ಪಕ್ಕಕ್ಕೆ ತಳ್ಳುವ ವಿ ಆಕಾರದ ತಳವಿರುವ ವಾಹನ ಆಗಲೇ ಇತ್ತು, ಹೊಸದಾಗಿ ಏನೂ ಕಂಡುಹಿಡಿಯಬೇಕಿರಲಿಲ್ಲ. ಒಬ್ಬರನ್ನೇ ಆರಿಸುತ್ತಾ ಕೂರದೆ ಹಲವು ಕಂಪನಿಗಳಿಗೆ ಒಟ್ಟಿಗೆ ಆರ್ಡರ್ ಕೊಟ್ಟರು. ಕೆಲವೇ ವರ್ಷಗಳಲ್ಲಿ 27 ಸಾವಿರದಷ್ಟು ವಾಹನ ತಯಾರಾದವು. ನಡುವೆ ತೊಡಕಾಗಿದ್ದು ಏನು ಗೊತ್ತಾ? ಟೈರು ಮತ್ತು ಕವಚದ ಉಕ್ಕು. ಅದಕ್ಕೇ ಮುಖ್ಯ ಕಂಪನಿಯ ಜೊತೆ ಮಾತಾಡಿ ಎದ್ದು ಬರಬೇಡಿ, ಅವರಿಗೆ ಮಾಲು ಕೊಡುವ ಸಣ್ಣವರ ಸಾಮರ್ಥ್ಯವನ್ನೂ ಮೊದಲೇ ಎಣಿಸಿ. ಇಷ್ಟೊಂದು ಬಗೆಯ ವಾಹನ ಕೊಂಡಿದ್ದಕ್ಕೆ ಬಿಡಿಭಾಗಗಳ ತಲೆನೋವು ಬಂತು, ಯುದ್ಧ ಮುಗಿದ ಮೇಲೆ ಸಾವಿರಾರು ವಾಹನ ಬೇಡವಾದವು. ನನ್ನ ಲೆಕ್ಕದಲ್ಲಿ ಆ ನಷ್ಟ ತಪ್ಪಲ್ಲ. ವೇಗಕ್ಕೆ ಬೆಲೆ ಇದೆ, ಅದನ್ನು ಮೊದಲೇ ಒಪ್ಪಿಕೊಂಡು ಹೊರಡಬೇಕು.

ಇನ್ನು ಯಾರೂ ಜೋರಾಗಿ ಹೇಳದ ವಿಷಯ, ಭಯ. 1986ರಲ್ಲಿ ಭಾರತ ಬೋಫೋರ್ಸ್ ತೋಪುಗಳನ್ನು ಕೊಂಡಿತು, ಲಂಚದ ಗಲಾಟೆ ಎದ್ದಿತು. ಮುಂದೆ ಹೊರಗಿನಿಂದ ಹೊಸ 155 ಎಂಎಂ ತೋಪಿನ ದೊಡ್ಡ ಒಪ್ಪಂದ ಆಗಿದ್ದು 2016ರಲ್ಲಿ, ಅಮೆರಿಕದಿಂದ 145 ಎಂ777 ತೋಪುಗಳಿಗೆ. ಮೂವತ್ತು ವರ್ಷ! ಸಹಿ ಹಾಕಿದವನಿಗೆ ತನಿಖೆ ಬರಬಹುದು, ಫೈಲ್ ಮೇಲೆ ಕೂತವನನ್ನು ಯಾರೂ ಕೇಳೋದಿಲ್ಲ. ಹೀಗಿರುವಾಗ ಬುದ್ಧಿವಂತ ಅಧಿಕಾರಿ ಏನು ಮಾಡುತ್ತಾನೆ? ಇನ್ನೊಂದು ಸ್ಪಷ್ಟನೆ ಕೇಳಿ ಫೈಲ್ ವಾಪಸ್ ಕಳಿಸುತ್ತಾನೆ. ನಿಯಮ ಬದಲಿಸುವುದಾದರೆ ಇದನ್ನು ಬದಲಿಸಿ. ಪ್ರತಿ ಮೇಜಿಗೂ ಗಡುವು ಇರಲಿ, ಗಡುವಿನೊಳಗೆ ಆಕ್ಷೇಪ ಬರದಿದ್ದರೆ ಒಪ್ಪಿಗೆ ಅಂತಲೇ ಲೆಕ್ಕ. ಪ್ರಶ್ನೆಗಳಿದ್ದರೆ ಎಲ್ಲ ಒಂದೇ ಸಲ ಕೇಳಬೇಕು, ಕಂತಿನಲ್ಲಿ ಅಲ್ಲ. ನಿರ್ಧಾರದ ಕಾರಣವನ್ನು ಅಂದೇ ಬರೆದಿಟ್ಟವರಿಗೆ ಆಮೇಲೆ ರಕ್ಷಣೆ ಸಿಗಬೇಕು. ಲೆಕ್ಕಪರಿಶೋಧಕರು ಖರ್ಚನ್ನು ಕೇಳಿದ ಹಾಗೆ ತಡವನ್ನೂ ಕೇಳಬೇಕು. ಯೋಜನೆಯ ಮುಖ್ಯಸ್ಥರನ್ನು ಮಧ್ಯದಲ್ಲಿ ವರ್ಗ ಮಾಡಬೇಡಿ, ಅಷ್ಟೇ.

ಅವಸರದಲ್ಲಿ ಪರೀಕ್ಷೆಗೆ ಮಾತ್ರ ಕತ್ತರಿ ಹಾಕಬೇಡಿ. ಬ್ರಿಟನ್ 2014ರಲ್ಲಿ 589 ಏಜಾಕ್ಸ್ ಕವಚ ವಾಹನಗಳಿಗೆ ಆರ್ಡರ್ ಕೊಟ್ಟಿತು. ಒಳಗೆ ಕೂತ ಸೈನಿಕರಿಗೆ ಸದ್ದು ಮತ್ತು ಅದುರಾಟದಿಂದ ತೊಂದರೆಯಾಗಿ ಟ್ರಯಲ್ ನಿಲ್ಲಿಸಬೇಕಾಯಿತು, ವರ್ಷಗಳೇ ಹೋದವು. ಪರೀಕ್ಷೆ ಕಮ್ಮಿ ಮಾಡೋದಲ್ಲ, ಇನ್ನೂ ಬೇಗ ಶುರು ಮಾಡಬೇಕು. ಮೊದಲ ಮಾದರಿಯಲ್ಲೇ ಸೈನಿಕರನ್ನು ಕೂರಿಸಿ. ಕಂಪನಿಯ ಟ್ರಯಲ್ ಮತ್ತು ಸೇನೆಯ ಟ್ರಯಲ್ ಒಟ್ಟಿಗೆ ನಡೆಯಲಿ, ಒಂದೇ ಪರೀಕ್ಷೆ ಎರಡು ಸಲ ಯಾಕೆ?

ಡ್ರೋನ್‌ಗಳಿಗೆ ಈ ದಾರಿಯೂ ಸಾಲದು. ಉಕ್ರೇನಿನಲ್ಲಿ ಕಂಡ ಹಾಗೆ, ಎದುರಾಳಿ ಜ್ಯಾಮರ್ (ರೇಡಿಯೋ ಸಂಕೇತ ತಡೆಯುವ ಯಂತ್ರ) ಬದಲಿಸಿದರೆ ಡ್ರೋನ್ ಹಾರಿಸುವವರು ರೇಡಿಯೋ ಬದಲಿಸಬೇಕು, ಅದೂ ವಾರಗಳಲ್ಲಿ. ಐದು ವರ್ಷಕ್ಕೆ ಅಂತ ಬೇಡಿಕೆ ಪಟ್ಟಿ ಬರೆಯುವುದರಲ್ಲಿ ಅರ್ಥವೇ ಇಲ್ಲ. ಸಣ್ಣ ಸಣ್ಣ ಲಾಟ್ ಕೊಳ್ಳಿ, ಪ್ರತಿ ಲಾಟ್‌ಗೂ ಬದಲಾವಣೆಗೆ ಜಾಗ ಬಿಡಿ.

ಕಾರ್ಖಾನೆಯ ವಿಷಯ ಕೊನೆಗೆ. ಪೋಲೆಂಡ್ 2022ರ ಆಗಸ್ಟ್‌ನಲ್ಲಿ ದಕ್ಷಿಣ ಕೊರಿಯಾದ ಕೆ2 ಟ್ಯಾಂಕ್‌ಗಳಿಗೆ ಸಹಿ ಹಾಕಿತು, ಮೊದಲ 10 ಟ್ಯಾಂಕ್ ಡಿಸೆಂಬರ್‌ನಲ್ಲೇ ಬಂದವು. ಕೊರಿಯಾದಲ್ಲಿ ಆ ಟ್ಯಾಂಕಿನ ಕೆಲಸ ನಿಂತಿರಲಿಲ್ಲ. ಹೆಗಲ ಮೇಲಿಟ್ಟು ವಿಮಾನಕ್ಕೆ ಹೊಡೆಯುವ ಸ್ಟಿಂಗರ್ ಕ್ಷಿಪಣಿಯ ಕಥೆ ಇದರ ಉಲ್ಟಾ. ಅಮೆರಿಕ ಬಹಳ ವರ್ಷ ಹೊಸ ಆರ್ಡರ್ ಕೊಟ್ಟಿರಲಿಲ್ಲ. ಉಕ್ರೇನ್ ಯುದ್ಧ ಬಂದಾಗ ಹಳೆ ಬಿಡಿಭಾಗ ಸಿಗದೆ, ನಿವೃತ್ತರಾಗಿದ್ದ ಎಂಜಿನಿಯರ್‌ಗಳನ್ನು ಕರೆಸಬೇಕಾಯಿತು. ಹತ್ತು ವರ್ಷಕ್ಕೊಮ್ಮೆ ರಾಶಿ ಕೊಳ್ಳುವ ಬದಲು ಪ್ರತಿ ವರ್ಷ ಸ್ವಲ್ಪ ಕೊಳ್ಳಿ, ಅದಕ್ಕೆ ಹಲವು ವರ್ಷಗಳ ದುಡ್ಡನ್ನು ಮೊದಲೇ ಕಟ್ಟಿಡಿ.

ಒಪ್ಪಂದದಲ್ಲಿ ‘ತಲುಪಿದ ದಿನ’ ಯಾವುದು ಅಂತ ಬಿಡಿಸಿ ಬರೆಸಿ. ಬಂದರಿನಲ್ಲಿ ಇಳಿದ ದಿನ ಅಲ್ಲ. ಬಿಡಿಭಾಗ, ಗುಂಡು, ತರಬೇತಿ ಎಲ್ಲ ಸಿಕ್ಕಿ ಮೊದಲ ತುಕಡಿ ಬಳಸಲು ಶುರು ಮಾಡಿದ ದಿನ. ಕೊನೆಯ ಕಂತಿನ ಹಣ ಅಲ್ಲಿವರೆಗೆ ಕೊಡಬೇಡಿ.