ರೈಲಿನಲ್ಲೇ ಜನಕಪುರಕ್ಕೆ: ಮೊದಲ ವಿದೇಶ ಪ್ರಯಾಣದ ತಯಾರಿ

ವಿಮಾನವೂ ಬೇಡ, ವೀಸಾವೂ ಬೇಡ, ಒಮ್ಮೆ ದೇಶದ ಗಡಿ ದಾಟಿ ಬರಬೇಕು ಅನ್ನುವವರಿಗೆ ಬಿಹಾರದ ಜಯನಗರದಿಂದ ನೇಪಾಳದ ಜನಕಪುರಕ್ಕೆ ಹೋಗುವ ರೈಲು ಒಳ್ಳೆಯ ಆರಂಭ. 1937ರ ನ್ಯಾರೋಗೇಜ್ ರೈಲು 2014ರಲ್ಲಿ ನಿಂತುಹೋಗಿತ್ತು. ಬ್ರಾಡ್‌ಗೇಜ್ ಹಳಿ ಹಾಕಿದ ಮೇಲೆ 2022ರ ಏಪ್ರಿಲ್‌ನಲ್ಲಿ ಮತ್ತೆ ಓಡತೊಡಗಿತು. ಜನಕಪುರ ಸುಮಾರು 30 ಕಿ.ಮೀ. ಅಷ್ಟೇ.

ಟಿಕೆಟ್‌ಗಿಂತ ಮೊದಲು ಗುರುತಿನ ಚೀಟಿ ನೋಡಿಕೊಳ್ಳಿ. ಹೆಚ್ಚಿನವರು ಎಡವುವುದು ಇಲ್ಲೇ. ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಚೀಟಿ ಬೇಕು, ಮೂಲ ಪ್ರತಿಯೇ ಬೇಕು; ಮೊಬೈಲ್‌ನಲ್ಲಿರುವ ಫೋಟೊ ನಂಬಿ ಹೊರಡಬೇಡಿ. ಎಲ್ಲೆಡೆ ನಡೆಯುವ ಆಧಾರ್ ಇಲ್ಲಿ ಸಾಲದು. ಈ ವಿಷಯದಲ್ಲಿ ವಿನಾಯಿತಿ ಇರುವುದು 15 ವರ್ಷದೊಳಗಿನ ಮಕ್ಕಳಿಗೆ ಮತ್ತು 65 ದಾಟಿದವರಿಗೆ; ಅವರಿಗೆ ಆಧಾರ್‌ನಂಥ ಫೋಟೊ ಇರುವ ಗುರುತಿನ ಚೀಟಿ ಸಾಕು. ಭಾರತ, ನೇಪಾಳ ಬಿಟ್ಟು ಬೇರೆ ದೇಶದ ಪ್ರಜೆಗಳನ್ನು ಈ ರೈಲಿಗೆ ಹತ್ತಿಸುವುದಿಲ್ಲ. ಅಮೆರಿಕದ ಪಾಸ್‌ಪೋರ್ಟ್ ಪಡೆದ ಮಗನೋ ಮಗಳೋ ಜೊತೆಗಿದ್ದರೆ ಅವರಿಗೆ ಬೇರೆ ದಾರಿ ಯೋಚಿಸಬೇಕು.

ಆಮೇಲೆ ಇಲ್ಲಿಂದ ಹೋಗುವ ರೈಲು. ಮೈಸೂರಿನಿಂದ ಬೆಂಗಳೂರು ಮೇಲೆ ಹೋಗುವ ಬಾಗ್ಮತಿ ಎಕ್ಸ್‌ಪ್ರೆಸ್ (12578) ವಾರಕ್ಕೊಮ್ಮೆ ದರ್ಭಂಗಾ ಮುಟ್ಟಿಸುತ್ತದೆ. ಪ್ರಯಾಣ ಎರಡು ದಿನಕ್ಕೂ ಹೆಚ್ಚು. ಅಲ್ಲಿಂದ ಮಧುಬನಿ ದಾಟಿದರೆ ಜಯನಗರ, ಸುಮಾರು 70 ಕಿ.ಮೀ. ಬುಕಿಂಗ್ ತೆರೆಯುವುದು 60 ದಿನ ಮೊದಲು. ಛಠ್ ಹಬ್ಬದ ಆಸುಪಾಸು ಸೀಟು ಸಿಗುವುದು ಬಲು ಕಷ್ಟ. ಇಷ್ಟು ದೂರದ ರೈಲು ತಡವಾಗುವುದು ಸಾಮಾನ್ಯ. ಅದೇ ದಿನ ಗಡಿ ದಾಟುವ ಲೆಕ್ಕ ಹಾಕದೆ ದರ್ಭಂಗಾದಲ್ಲಿ ಒಂದು ರಾತ್ರಿ ಉಳಿಯಿರಿ.

ಜಯನಗರದಲ್ಲಿ ನೇಪಾಳ ರೈಲಿನ ನಿಲ್ದಾಣ ನಮ್ಮ ನಿಲ್ದಾಣದ ಪಕ್ಕದಲ್ಲೇ ಇದೆ. ನಮ್ಮ ರೈಲ್ವೆಯ ಆ್ಯಪ್‌ನಲ್ಲಿ ಈ ರೈಲು ಹುಡುಕಬೇಡಿ. ಟಿಕೆಟ್ ಕೊಡುವುದು ಕೌಂಟರ್‌ನಲ್ಲಿ, ಗುರುತಿನ ಚೀಟಿ ನೋಡಿ. ಸಮಯ ಬದಲಾಗುತ್ತಿರುತ್ತದೆ, ಹಾಗಾಗಿ ಹಿಂದಿನ ಸಂಜೆಯೇ ಯಾರನ್ನಾದರೂ ಕೇಳಿ ಖಚಿತಮಾಡಿಕೊಳ್ಳಿ. ಕೇಳುವಾಗ 'ನೇಪಾಳದ ಟೈಮೋ, ಭಾರತದ ಟೈಮೋ' ಎಂದು ಬಿಡಿಸಿ ಕೇಳಿ. ಅವರ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದೆ. ವಾಪಸು ಬರುವ ದಿನ ನಮ್ಮ ವಾಚ್ ನೋಡಿಕೊಂಡು ಕೂತರೆ ರೈಲು ಕಣ್ಣೆದುರೇ ಹೊರಟಿರುತ್ತದೆ.

ಗಡಿಯಾಚೆಯ ಮೊದಲ ನಿಲ್ದಾಣ ಇನರ್ವಾ. ಜನಕಪುರ ಬರುವ ಹೊತ್ತಿಗೆ ಭಾರತದ ಸಿಮ್ ಕೈಕೊಟ್ಟಿರುತ್ತದೆ, ರೋಮಿಂಗ್ ಹಾಕಿಸದಿದ್ದರೆ. ಲಾಡ್ಜ್‌ನ ವಿಳಾಸ, ಫೋನ್ ನಂಬರ್ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಹಣದ ಲೆಕ್ಕ ಸುಲಭ: ನಮ್ಮ 100 ರೂಪಾಯಿಗೆ ಅವರ 160. 100ರ ನೋಟುಗಳನ್ನೇ ಹೆಚ್ಚು ಒಯ್ಯಿರಿ, ದೊಡ್ಡ ನೋಟು ತೆಗೆದುಕೊಳ್ಳಲು ಅಂಗಡಿಯವರು ಹಿಂದೆಮುಂದೆ ನೋಡುತ್ತಾರೆ. ಯುಪಿಐ ಕೆಲವು ಕಡೆ ನಡೆದರೂ ಅದೊಂದನ್ನೇ ನಂಬಬೇಡಿ. ರಿಕ್ಷಾದವರು 80 ಅಂದರೆ ಹತ್ತುವ ಮೊದಲೇ 'ಐಸಿಯೋ, ಎನ್‌ಸಿಯೋ' ಎಂದು ಕೇಳಿ. ಐಸಿ ಅಂದರೆ ನಮ್ಮ ದುಡ್ಡು, ಎನ್‌ಸಿ ಅಂದರೆ ಅವರದು. ಎನ್‌ಸಿ 80 ಅಂದರೆ ನಮ್ಮ 50 ಮಾತ್ರ. ಹಿಂದಿ ಬಂದರೆ ಸಾಕು. ಊರಿನ ಮಾತು ಮೈಥಿಲಿ.

ಜಾನಕಿ ಮಂದಿರಕ್ಕೆ ಒಂದು ಸಂಜೆ, ಒಂದು ಬೆಳಗ್ಗೆ ಎರಡೂ ಇಟ್ಟುಕೊಳ್ಳಿ. ಟೀಕಮ್‌ಗಢದ ರಾಣಿ ಕಟ್ಟಿಸಿದ ಈ ಬಿಳಿ ಮಂದಿರ ದೀಪ ಹಚ್ಚಿದ ಮೇಲೆ ಬೇರೆಯೇ ಕಾಣುತ್ತದೆ. ಮಾರ್ಗಶಿರದ ವಿವಾಹ ಪಂಚಮಿಗೆ, ಅಂದರೆ ರಾಮ-ಸೀತೆಯರ ಮದುವೆಯ ಹಬ್ಬಕ್ಕೆ, ಹೋಗುವವರು ಕೋಣೆ ಮೊದಲೇ ಹಿಡಿದಿರಬೇಕು.

ಮಿಕ್ಕ ನೇಪಾಳಿ ನೋಟುಗಳನ್ನು ಜನಕಪುರದಲ್ಲೋ ಜಯನಗರದಲ್ಲೋ ಬದಲಿಸಿಕೊಂಡೇ ಮುಂದೆ ಹೊರಡಿ. ಬೆಂಗಳೂರಿಗೆ ತಂದರೆ ಅವನ್ನು ಕೊಳ್ಳುವವರನ್ನು ಹುಡುಕಿಕೊಂಡು ಅಲೆಯಬೇಕಾಗುತ್ತದೆ.