ಕುಡಿತ ಬಿಡುವುದು ಹೇಗೆ? ಮೊದಲು ಲೆಕ್ಕ, ಆಮೇಲೆ ಡಾಕ್ಟರು

"ನಾಳೆಯಿಂದ ಒಂದು ತೊಟ್ಟೂ ಮುಟ್ಟಲ್ಲ" ಎಂದು ಆಣೆ ಹಾಕುವುದು ಸುಲಭ. ಅಪರೂಪಕ್ಕೆ ಕುಡಿಯುವವರು ಹಾಗೆ ನಿಲ್ಲಿಸಿದರೆ ಏನೂ ಆಗುವುದಿಲ್ಲ. ಆದರೆ ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಯಾರಿಗೂ ಹೇಳದೆ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಕುತ್ತು ಬರಬಹುದು. ಕುಡಿದರೆ ಲಿವರ್ ಹಾಳು ಎಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಿಲ್ಲಿಸುವುದಕ್ಕೂ ಒಂದು ಕ್ರಮ ಇದೆ ಎಂದು ಹೇಳುವವರು ಕಡಿಮೆ.

ಹೆಜ್ಜೆ 1: ಪೆಗ್ ಬಿಡಿ, ಗ್ರಾಂ ಲೆಕ್ಕ ಹಾಕಿ

"ನಂದು ಎರಡೇ ಪೆಗ್" ಎನ್ನುವುದು ಲೆಕ್ಕವಲ್ಲ. ಮನೆಯಲ್ಲಿ ಸುರಿದುಕೊಳ್ಳುವ ಪೆಗ್ಗಿಗೆ ಅಳತೆ ಎಲ್ಲಿರುತ್ತದೆ? ಬಾಟಲಿ ಮೇಲೆ ಆಲ್ಕೋಹಾಲ್ ಶೇಕಡಾ ಎಷ್ಟು ಎಂದು ಬರೆದಿರುತ್ತದೆ. ಕುಡಿದ ಮಿಲಿಯನ್ನು ಆ ಅಂಕಿಯಿಂದ ಗುಣಿಸಿ, 100ರಿಂದ ಭಾಗಿಸಿ, ಬಂದದ್ದನ್ನು 0.8ರಿಂದ ಗುಣಿಸಿ. ಅಷ್ಟು ಗ್ರಾಂ ಆಲ್ಕೋಹಾಲ್ ಒಳಗೆ ಹೋಗಿದೆ. ಶೇ 40ರ ವಿಸ್ಕಿ 60 ಮಿಲಿ ಎಂದರೆ ಸುಮಾರು 19 ಗ್ರಾಂ. ಶೇ 5ರ ಬಿಯರ್ 500 ಮಿಲಿ ಎಂದರೆ 20 ಗ್ರಾಂ, ಅಂದರೆ ಹೆಚ್ಚುಕಡಿಮೆ ಅಷ್ಟೇ. ಅದೇ ಬಿಯರ್ ಶೇ 8ರ ಸ್ಟ್ರಾಂಗ್ ಆದರೆ 32 ಗ್ರಾಂ. "ಬರೀ ಬಿಯರ್ ತಾನೇ" ಎನ್ನುವವರು ಇದನ್ನೊಮ್ಮೆ ಮಾಡಿ ನೋಡಬೇಕು.

ಒಂದೇ ಸಲಕ್ಕೆ 60 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಕುಡಿದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ವಿಪರೀತ ಕುಡಿತ ಎಂದೇ ಲೆಕ್ಕ ಹಿಡಿಯುತ್ತದೆ. ಲಿವರ್ ಗಂಟೆಗೆ ಕರಗಿಸುವುದು ಸುಮಾರು 7ರಿಂದ 10 ಗ್ರಾಂ ಅಷ್ಟೇ. ಕಾಫಿ ಕುಡಿದರೂ, ತಣ್ಣೀರು ಸ್ನಾನ ಮಾಡಿದರೂ ಆ ವೇಗ ಹೆಚ್ಚುವುದಿಲ್ಲ. ರಾತ್ರಿ 12ಕ್ಕೆ ಲೋಟ ಕೆಳಗಿಟ್ಟವರ ರಕ್ತದಲ್ಲಿ ಬೆಳಿಗ್ಗೆ 6ಕ್ಕೆ ಗಾಡಿ ಹತ್ತುವಾಗಲೂ ಆಲ್ಕೋಹಾಲ್ ಉಳಿದಿರಬಹುದು.

ಒಂದು ವಾರ ಸುಳ್ಳಿಲ್ಲದೆ ಬರೆದಿಡಿ. ಡಾಕ್ಟರ ಹತ್ತಿರ ಹೋದಾಗ ಈ ಚೀಟಿಯೇ ಮುಖ್ಯ.

ಹೆಜ್ಜೆ 2: ನಾಲ್ಕು ಪ್ರಶ್ನೆ ಕೇಳಿಕೊಳ್ಳಿ

ಕಡಿಮೆ ಮಾಡಬೇಕು ಎಂದು ಯಾವಾಗಲಾದರೂ ಅನಿಸಿದೆಯಾ? ನಿಮ್ಮ ಕುಡಿತದ ಬಗ್ಗೆ ಯಾರಾದರೂ ಮಾತಾಡಿದಾಗ ರೇಗಿದೆಯಾ? ಕುಡಿದದ್ದಕ್ಕೆ ತಪ್ಪಿತಸ್ಥ ಭಾವ ಕಾಡಿದೆಯಾ? ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಕ ನಿಲ್ಲಿಸಲಿಕ್ಕೋ, ಹ್ಯಾಂಗೋವರ್ ಇಳಿಸಲಿಕ್ಕೋ ಕುಡಿದಿದ್ದೀರಾ? ವೈದ್ಯರು ಇದನ್ನು ಕೇಜ್ ಪ್ರಶ್ನೆಗಳು ಎನ್ನುತ್ತಾರೆ. ಎರಡಕ್ಕೆ ಹೌದು ಎಂದರೆ ಡಾಕ್ಟರನ್ನು ನೋಡಬೇಕಾದ ಹೊತ್ತು ಬಂದಿದೆ. ನಾಲ್ಕನೆಯದಕ್ಕೆ ಹೌದು ಎಂದರೆ, ಅದೊಂದೇ ಆದರೂ ಸರಿ, ಒಂಟಿಯಾಗಿ ನಿಲ್ಲಿಸುವ ಪ್ರಯತ್ನ ಬೇಡವೇ ಬೇಡ.

ನೋವಿಲ್ಲ, ಹಾಗಾಗಿ ನಾನು ಚೆನ್ನಾಗಿದ್ದೇನೆ ಎಂದುಕೊಳ್ಳಬೇಡಿ. ಲಿವರ್‌ನಲ್ಲಿ ಕೊಬ್ಬು ಕೂಡುವಾಗ ಗೊತ್ತೇ ಆಗುವುದಿಲ್ಲ. ಆಮೇಲೆ ಉರಿಯೂತ, ಕೊನೆಗೆ ಲಿವರ್ ಗಟ್ಟಿಯಾಗುವ ಸಿರೋಸಿಸ್. ಕೊಬ್ಬಿನ ಹಂತದಲ್ಲಿ ಪೂರ್ತಿ ಬಿಟ್ಟರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಲಿವರ್ ಸುಧಾರಿಸಿಕೊಳ್ಳುತ್ತದೆ. ಸಿರೋಸಿಸ್ ಬಂದ ಮೇಲೆ ಲಿವರ್ ಮೊದಲಿನಂತೆ ಆಗುವುದು ಕಷ್ಟ, ಆಗಲೂ ಬಿಟ್ಟರೆ ಆಯಸ್ಸು ಹೆಚ್ಚುತ್ತದೆ. ಬಾಯಿ, ಗಂಟಲು, ಅನ್ನನಾಳ, ಲಿವರ್, ದೊಡ್ಡ ಕರುಳು, ಹೆಂಗಸರಿಗೆ ಸ್ತನ, ಇಷ್ಟೂ ಕಡೆ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ವೈನ್‌ಗೆ ವಿನಾಯಿತಿ ಏನೂ ಇಲ್ಲ. ಇನ್ನು "ಕುಡಿದರೇ ನಿದ್ದೆ ಬರೋದು" ಎನ್ನುತ್ತಾರಲ್ಲ, ಬೇಗ ನಿದ್ದೆ ಹತ್ತುತ್ತದೆ ನಿಜ, ಆದರೆ ರಾತ್ರಿಯ ಎರಡನೇ ಅರ್ಧ ಪೂರ್ತಿ ಕೆಡುತ್ತದೆ.

ಹೆಜ್ಜೆ 3: ನಿಲ್ಲಿಸುವ ವಾರ

ಆಲ್ಕೋಹಾಲ್ ಮೆದುಳನ್ನು ಮಂಕು ಮಾಡುತ್ತದೆ. ದಿನಾ ಹಾಗೇ ಆದರೆ ಮೆದುಳು ಅದನ್ನು ಸರಿದೂಗಿಸಲು ತನ್ನ ಚುರುಕನ್ನು ಏರಿಸಿಕೊಂಡೇ ಇರುತ್ತದೆ. ಹಗ್ಗ ಜಗ್ಗಾಟದಲ್ಲಿ ಒಂದು ಕಡೆಯವರು ಇದ್ದಕ್ಕಿದ್ದಂತೆ ಹಗ್ಗ ಬಿಟ್ಟರೆ ಇನ್ನೊಂದು ಕಡೆಯವರು ಬೀಳುತ್ತಾರಲ್ಲ, ನಿಲ್ಲಿಸಿದಾಗ ಆಗುವುದು ಅದೇ. 6ರಿಂದ 12 ಗಂಟೆಯೊಳಗೆ ಕೈ ನಡುಕ, ಬೆವರು, ಎದೆ ಡವಡವ, ವಾಕರಿಕೆ, ಗಾಬರಿ. ಮೊದಲ 2 ದಿನಗಳಲ್ಲಿ ಫಿಟ್ಸ್ ಬರುವ ಅಪಾಯ. 2ರಿಂದ 4 ದಿನಗಳ ನಡುವೆ ಕೆಲವರಿಗೆ ಜ್ವರ ಬರುತ್ತದೆ, ಎಲ್ಲಿದ್ದೇವೆ ಎಂದೇ ತಿಳಿಯುವುದಿಲ್ಲ, ಇಲ್ಲದ್ದು ಕಣ್ಣಿಗೆ ಕಾಣುತ್ತದೆ. ಮನೆಯವರು ಇದನ್ನು ಹುಚ್ಚು ಎಂದೋ, ದೆವ್ವ ಎಂದೋ ತಿಳಿದುಕೊಂಡು ಹೊತ್ತು ಕಳೆಯುತ್ತಾರೆ. ಇದು ಡಿಲಿರಿಯಂ ಟ್ರೆಮೆನ್ಸ್. ತಕ್ಷಣ ಆಸ್ಪತ್ರೆಗೆ ಸೇರಿಸಬೇಕು.

ಹಾಗಾಗಿ ದಿನಾ ಕುಡಿಯುವವರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು, ಲಿವರ್ ಅಥವಾ ಹೃದಯದ ಕಾಯಿಲೆ ಇರುವವರು, ಗರ್ಭಿಣಿಯರು, ವಯಸ್ಸಾದವರು ಡಾಕ್ಟರನ್ನು ಕಂಡ ಮೇಲೆಯೇ ನಿಲ್ಲಿಸಿ. ಅವರು ನಡುಕ, ಫಿಟ್ಸ್ ತಡೆಯುವ ಮಾತ್ರೆಯನ್ನು ಕೆಲವು ದಿನ ಕೊಟ್ಟು, ದಿನದಿಂದ ದಿನಕ್ಕೆ ಇಳಿಸಿ ನಿಲ್ಲಿಸುತ್ತಾರೆ. ಅದನ್ನು ನೀವೇ ಅಂಗಡಿಯಿಂದ ತಂದು ನುಂಗುವುದು ಬೇಡ. ಆ ಮಾತ್ರೆಯ ಜೊತೆ ಮದ್ಯವೂ ಸೇರಿದರೆ ಉಸಿರೇ ನಿಲ್ಲಬಹುದು.

ಇನ್ನೊಂದು ಮಾತು. ಜಾಸ್ತಿ ಕುಡಿಯುವವರ ಮೈಯಲ್ಲಿ ಬಿ1 ವಿಟಮಿನ್ ಬತ್ತಿ ಹೋಗಿರುತ್ತದೆ. ಸುಸ್ತು ಎಂದು ಹೋಗಿ, ಕುಡಿತದ ವಿಷಯ ಮುಚ್ಚಿಟ್ಟು, ಸುಮ್ನೆ ಗ್ಲೂಕೋಸ್ ಡ್ರಿಪ್ ಹಾಕಿಸಿಕೊಂಡರೆ ಇರುವ ಚೂರುಪಾರು ಬಿ1 ಕೂಡ ಖರ್ಚಾಗಿ ಮೆದುಳಿಗೆ ಪೆಟ್ಟು ಬೀಳಬಹುದು. ಡಾಕ್ಟರಿಗೆ ಗೊತ್ತಿದ್ದರೆ ಬಿ1 ಕೊಟ್ಟೇ ಮುಂದುವರಿಯುತ್ತಾರೆ. ನಾಚಿಕೆ ಬಿಟ್ಟು ಹೇಳಿಬಿಡಿ.

ಮನೆಯವರಿಗೆ: ಊಟದಲ್ಲಿ ಮಾತ್ರೆ ಬೆರೆಸಬೇಡಿ

ಗಂಡನಿಗೋ ಮಗನಿಗೋ ಗೊತ್ತಾಗದಂತೆ "ಕುಡಿತ ಬಿಡಿಸುವ ಮಾತ್ರೆ" ಪುಡಿ ಮಾಡಿ ಅನ್ನಕ್ಕೆ ಬೆರೆಸುವವರು ಇದ್ದಾರೆ. ಕಷ್ಟ ಅರ್ಥವಾಗುತ್ತದೆ, ಆದರೂ ಇದು ಅಪಾಯದ ಕೆಲಸ. ಡೈಸಲ್ಫಿರಾಮ್ ಎಂಬ ಮಾತ್ರೆ ಆಲ್ಕೋಹಾಲ್ ಅರ್ಧಕ್ಕೆ ಕರಗಿ ಅಸಿಟಾಲ್ಡಿಹೈಡ್ ಎಂಬ ವಿಷವಾಗುವ ಹಂತದಲ್ಲೇ ನಿಲ್ಲಿಸಿಬಿಡುತ್ತದೆ. ಮಾತ್ರೆ ಒಳಗಿರುವಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಕುಸಿದು, ಹೃದಯಕ್ಕೇ ತೊಂದರೆಯಾಗಬಹುದು. ನುಂಗುವವರಿಗೆ ಎಲ್ಲ ಗೊತ್ತಿದ್ದು, ಒಪ್ಪಿ, ಡಾಕ್ಟರ ಕಣ್ಣಳತೆಯಲ್ಲಿ ತೆಗೆದುಕೊಂಡರೆ ಮಾತ್ರ ಅದು ಔಷಧಿ.

ಹೆಜ್ಜೆ 4: ಮೊದಲ ವಾರ ದಾಟಿದ ಮೇಲೆ

ಮೈ ಸರಿಹೋಗುತ್ತದೆ, ಆಸೆ ಹೋಗುವುದಿಲ್ಲ. ಮನೆಯಲ್ಲಿ ಬಾಟಲಿ ಇಡಬೇಡಿ. ಕುಡಿಯುತ್ತಿದ್ದ ಹೊತ್ತಿಗೆ ಬೇರೆ ಕೆಲಸ ಹಚ್ಚಿಕೊಳ್ಳಿ. ಆಸೆ ಜೋರಾಗಿ ಬಂದರೂ ಅರ್ಧ ಗಂಟೆ ತಳ್ಳಿದರೆ ಸಾಮಾನ್ಯವಾಗಿ ಇಳಿಯುತ್ತದೆ, ಆ ಅರ್ಧ ಗಂಟೆಗೆ ಫೋನ್ ಮಾಡಲು ಒಬ್ಬರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಮತ್ತೆ ಕುಡಿತಕ್ಕೆ ಬೀಳದಂತೆ ನೆರವಾಗುವ ನಾಲ್‌ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಔಷಧಿಗಳಿವೆ, ಯಾರಿಗೆ ಯಾವುದು ಹೊಂದುತ್ತದೆ ಎನ್ನುವುದು ಡಾಕ್ಟರ ತೀರ್ಮಾನ. ಕುಡಿತ ಬಿಡುವವರು ಒಟ್ಟಿಗೆ ಕೂತು ಒಬ್ಬರಿಗೊಬ್ಬರು ನೆರವಾಗುವ, 1935ರಲ್ಲಿ ಅಮೆರಿಕದಲ್ಲಿ ಶುರುವಾದ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳು ಈಗ ಎಷ್ಟೋ ದೇಶಗಳಲ್ಲಿ ನಡೆಯುತ್ತವೆ, ಶುಲ್ಕ ಇಲ್ಲ, ಪೂರ್ತಿ ಹೆಸರು ಹೇಳಬೇಕಾಗಿಲ್ಲ. ಎಲ್ಲರಿಗೂ ಒಗ್ಗುತ್ತದೆ ಎಂದಲ್ಲ, ಒಮ್ಮೆ ಹೋಗಿ ಕೂತು ನೋಡಿ.

ಮತ್ತೆ ಕುಡಿದುಬಿಡುವವರು ತುಂಬಾ ಜನ. ಆಗ ಒಂದು ಅಪಾಯ ಇದೆ: ಬಿಟ್ಟಿದ್ದ ದಿನಗಳಲ್ಲಿ ಮೈಯ ತಾಳಿಕೆ ಇಳಿದಿರುತ್ತದೆ, ಕೈ ಮಾತ್ರ ಹಳೇ ಅಳತೆಯಲ್ಲೇ ಸುರಿಯುತ್ತದೆ. ಹಾಗೆ ಕುಡಿದು ಎಚ್ಚರ ತಪ್ಪಿ ಬಿದ್ದವರನ್ನು "ಮಲಗಲಿ ಬಿಡು" ಎಂದು ಒಬ್ಬರನ್ನೇ ಬಿಡಬೇಡಿ. ಹೊಟ್ಟೆಯಲ್ಲಿರುವ ಮದ್ಯ ಇನ್ನೂ ರಕ್ತಕ್ಕೆ ಏರುತ್ತಲೇ ಇರುತ್ತದೆ. ಅಂಗಾತ ಮಲಗಿಸದೆ ಪಕ್ಕಕ್ಕೆ ಹೊರಳಿಸಿ, ವಾಂತಿ ಗಂಟಲಿಗೆ ಸಿಕ್ಕಿಕೊಳ್ಳದಿರಲಿ. ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ, ನೀರು ಕುಡಿಸಬೇಡಿ. ಅಲುಗಾಡಿಸಿದರೂ ಏಳದಿದ್ದರೆ, ಉಸಿರು ನಿಮಿಷಕ್ಕೆ 8ಕ್ಕಿಂತ ಕಡಿಮೆಯಾದರೆ, ಎರಡು ಉಸಿರಿನ ನಡುವೆ 10 ಸೆಕೆಂಡ್ ಅಂತರ ಬಂದರೆ, ತುಟಿ ನೀಲಿಯಾದರೆ ಅಥವಾ ಮೈ ತಣ್ಣಗಾದರೆ ಆ ಕ್ಷಣವೇ ಆಂಬುಲೆನ್ಸ್ ಕರೆಯಿರಿ, ಅದು ಬರುವವರೆಗೂ ಪಕ್ಕದಲ್ಲೇ ಕೂತು ಉಸಿರು ಎಣಿಸುತ್ತಿರಿ.