ಹೊಸ ವಿಶ್ವಾಸಿಗಳ ಬೆಳವಣಿಗೆ: ಮೊದಲು ಬೇರಿಗೆ ಗಮನ ಕೊಡಿ

ಹೊಸದಾಗಿ ದೀಕ್ಷಾಸ್ನಾನ ಪಡೆದವರಿಗೆ ಮಾರ್ಗದರ್ಶನ ನೀಡುತ್ತಿರುವ ಸಹೋದರ ಸಹೋದರಿಯರು ಮಾರ್ಕನ ಸುವಾರ್ತೆಯ 4ನೆಯ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಬೇಕೆಂದು ವಿನಂತಿ. ಅಲ್ಲಿ ಯೇಸು ಹೇಳಿದ ಬಿತ್ತುವವನ ಸಾಮ್ಯದಲ್ಲಿ ಬೀಜವೆಂದರೆ ದೇವರ ವಾಕ್ಯ, ನೆಲವೆಂದರೆ ಅದನ್ನು ಕೇಳುವವರು; ಬಂಡೆಯ ನೆಲದ ಬೀಜವು ಬೇಗನೆ ಮೊಳೆಯುವುದು ಮಣ್ಣು ಆಳವಾಗಿಲ್ಲದ ಕಾರಣದಿಂದಲೇ. ಬಿಸಿಲೇರಿದಾಗ ಬೇರಿಲ್ಲದ ಆ ಸಸಿ ಒಣಗಿಹೋಗುತ್ತದೆ. ಆದುದರಿಂದ ಉತ್ಸಾಹ ಕಂಡೊಡನೆ ಯಾರನ್ನೂ ತಿಂಗಳೊಪ್ಪತ್ತಿನಲ್ಲಿ ಪ್ರಸಂಗಪೀಠಕ್ಕೆ ಹತ್ತಿಸಬಾರದು; ಸಭೆಯ ಮೇಲ್ವಿಚಾರಕನು ಹೊಸ ವಿಶ್ವಾಸಿಯಾಗಿರಬಾರದೆಂದು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯೂ (3:6) ಎಚ್ಚರಿಸುತ್ತದೆ.

ಬೇರು ಇಳಿಯಬೇಕಾದರೆ ದಿನವೂ ಬೆಳಿಗ್ಗೆ ಮೊಬೈಲ್ ಮುಟ್ಟುವ ಮೊದಲು ಹತ್ತು ಹನ್ನೆರಡು ವಚನಗಳನ್ನು ಓದಿ, ಅವುಗಳಲ್ಲಿ ಒಂದನ್ನು ತಮ್ಮದೇ ಮಾತಿನಲ್ಲಿ ಪ್ರಾರ್ಥಿಸುವ ಅಭ್ಯಾಸವನ್ನು ಅವರಿಗೆ ಕಲಿಸಿರಿ. ಮಾರ್ಕನಿಂದಲೇ ಆರಂಭಿಸಬಹುದು, ಅದರಲ್ಲಿರುವುದು 16 ಅಧ್ಯಾಯಗಳು ಮಾತ್ರ.

ನನ್ನ ಅಭಿಪ್ರಾಯದಲ್ಲಿ ನಾವು ಹೆಚ್ಚು ಅಲಕ್ಷಿಸುವುದು ಅದೇ ಸಾಮ್ಯದಲ್ಲಿ ಬರುವ ಮುಳ್ಳುಗಿಡಗಳನ್ನು, ಅಂದರೆ ಬದುಕಿನ ಚಿಂತೆಗಳನ್ನೂ ಆಸೆಗಳನ್ನೂ. ಅವು ಪೈರನ್ನು ಕಿತ್ತೆಸೆಯುವುದಿಲ್ಲ, ಅಡಗಿಸುತ್ತವೆ. ಪ್ರತಿ ಭಾನುವಾರ ತಪ್ಪದೆ ಆರಾಧನೆಗೆ ಬರುವವರಲ್ಲಿಯೂ ಸಾಲದ ಕಂತಿನ ಚಿಂತೆ, ನಿವೇಶನದ ಆಸೆ, ನೆರೆಯವರೊಡನೆ ಹೋಲಿಕೆ ಇವು ಕಾಳು ಕಟ್ಟಲು ಬಿಡುವುದಿಲ್ಲ. ಇಂತಹ ವಿಷಯಗಳನ್ನು ಗುಂಪಿನ ಪ್ರಾರ್ಥನೆಯಲ್ಲಿ ಎತ್ತದೆ, ಒಬ್ಬೊಬ್ಬರ ಜೊತೆ ಪ್ರತ್ಯೇಕವಾಗಿ ಕುಳಿತು ಕೇಳುವುದು ಒಳ್ಳೆಯದು.

ಅದೇ ಅಧ್ಯಾಯದ 26ರಿಂದ 29ನೆಯ ವಚನಗಳಲ್ಲಿ ಬೀಜವು ಬಿತ್ತಿದವನಿಗೆ ತಿಳಿಯದ ರೀತಿಯಲ್ಲಿ ಹಗಲಿರುಳು ಬೆಳೆಯುತ್ತದೆ. ಆದ್ದರಿಂದ ವಾರವಾರವೂ ಪ್ರಗತಿಯ ವರದಿ ಕೇಳದಿರಿ. ಯಾರಾದರೂ ಎರಡು ಭಾನುವಾರ ಬಾರದಿದ್ದರೆ, ಕಾರಣ ವಿಚಾರಿಸುವ ಸಂದೇಶ ಕಳುಹಿಸುವ ಬದಲು ಮನೆಗೇ ಹೋಗಿ ಮಾತನಾಡಿಸಿರಿ.